ಜಾರ್ ಫೈಲ್ ತೆರೆಯುತ್ತಿಲ್ಲವೇ? ಕೆಟ್ಟಿರುವುದು ಫೈಲೇ ಆಗಬೇಕೆಂದಿಲ್ಲ

ಜಾರ್ ಫೈಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೂ ಏನೂ ಆಗದಿದ್ದರೆ ಫೈಲೇ ಹಾಳಾಗಿದೆ ಎಂದುಕೊಳ್ಳುತ್ತೇವೆ. ಹಾಗೇ ಆಗಿರಬೇಕೆಂದಿಲ್ಲ.

ಜಾರ್ ಎಂದರೆ ಜಿಪ್ ಮಾದರಿಯ ಒಂದು ಗಂಟು. ಅದರೊಳಗಿನ ಬೈಟ್‌ಕೋಡ್ ಅನ್ನು ಲ್ಯಾಪ್‌ಟಾಪಿನ ಪ್ರೊಸೆಸರ್ ನೇರವಾಗಿ ಓದಲಾರದು. ನಡುವೆ ದುಭಾಷಿಯಂತೆ ಜಾವಾ ಬೇಕು. ವಿಂಡೋಸ್ ಜೊತೆ ಅದು ಬರುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ಜಾವಾ ಇದ್ದೂ ತೆರೆಯದಿದ್ದರೆ ಮುಖ್ಯವಾಗಿ ಮೂರು ಕಾರಣಗಳನ್ನು ನೋಡಬೇಕು.

ಒಂದು, ವಿನ್‌ರಾರ್‌ನಂತಹ ತಂತ್ರಾಂಶ ಜಾರ್ ಫೈಲುಗಳನ್ನು ತನ್ನ ಪಾಲಿಗೆ ಎಳೆದುಕೊಂಡಿರಬಹುದು. ಆಗ ‘ಓಪನ್ ವಿತ್’ನಲ್ಲಿ ಜಾವಾ ಆರಿಸಿದರೆ ಸಾಕು.

ಎರಡು, ಆವೃತ್ತಿ. 2021ರ ಜಾವಾ 17ಕ್ಕೆಂದು ಸಿದ್ಧಪಡಿಸಿದ್ದು 2014ರ ಜಾವಾ 8ರಲ್ಲಿ ಓಡದು. ಹೊಸ ಜಾವಾ ಹಾಕಬೇಕು.

ಮೂರು, ಕೆಲವು ಜಾರ್‌ಗಳು ಬೇರೆ ಪ್ರೋಗ್ರಾಂಗಳ ಬಳಕೆಗಿರುವ ಲೈಬ್ರರಿಗಳು. ಎಲ್ಲಿಂದ ಶುರು ಮಾಡಬೇಕೆಂಬ ಸೂಚನೆ ಅವುಗಳಲ್ಲಿ ಇರುವುದಿಲ್ಲ, ಹಾಗಾಗಿ ತಾವಾಗಿ ಓಡುವುದಿಲ್ಲ.

ಇದಕ್ಕೆಂದು ಅಪರಿಚಿತ ‘ಜಾರ್ ಓಪನರ್’ಗಳನ್ನು ಇಳಿಸಿಕೊಳ್ಳಬೇಡಿ. ಜಾರ್ ಎಂಬುದು ಫೋಟೊದಂತೆ ನೋಡುವ ಫೈಲಲ್ಲ, ಓಡುವ ಪ್ರೋಗ್ರಾಂ. ಓಡಿದರೆ ನಮ್ಮ ಕಡತಗಳನ್ನು ಓದಬಲ್ಲದು, ಅಳಿಸಲೂಬಲ್ಲದು. ಯಾರು ಕಳಿಸಿದರೆಂದು ಗೊತ್ತಿಲ್ಲದ ಜಾರ್ ತೆರೆಯದಿದ್ದರೆ ಹಾಗೆಯೇ ಅಳಿಸಿಬಿಡುವುದು ಕ್ಷೇಮ.