ಗೇಟಿನಲ್ಲಿ ಒಬ್ಬರನ್ನಷ್ಟೇ ಕೇಳುವ ಕಾವಲು

2018ರ ಫೆಬ್ರವರಿ 11, ಭಾನುವಾರ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ವೆಬ್‌ಸೈಟ್ ತೆರೆದವರ ಕಂಪ್ಯೂಟರು ಅವರಿಗೆ ಗೊತ್ತಿಲ್ಲದಂತೆ ಬೇರೆ ಯಾರಿಗೋ ಮೊನೆರೊ ಎಂಬ ಕ್ರಿಪ್ಟೊ ನಾಣ್ಯ ದುಡಿದು ಕೊಡುತ್ತಿತ್ತು. ನಾಗರಿಕರ ಖಾಸಗಿ ಮಾಹಿತಿ ದುರುಪಯೋಗವಾಗದಂತೆ ಕಾಯಬೇಕಾದ ಕಚೇರಿ ಅದು. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ಪುಟಗಳು, ಅಮೆರಿಕದ ನ್ಯಾಯಾಲಯಗಳ ಪುಟ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಪುಟಗಳು ಸೇರಿ 4,000ಕ್ಕೂ ಹೆಚ್ಚು ಸೈಟುಗಳಲ್ಲಿ ಅಂದು ಇದೇ ಕಥೆ. ಈ ಸೈಟುಗಳ ಸರ್ವರಿಗೆ ಯಾರೂ ಕನ್ನ ಹಾಕಿರಲಿಲ್ಲ. ಎಲ್ಲವೂ ಬ್ರೌಸ್‌ಅಲೌಡ್ ಎಂಬ ಒಂದು ಸ್ಕ್ರಿಪ್ಟನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದವು. ಓದಲು ಕಷ್ಟಪಡುವವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರಿಪ್ಟ್ ಅದು. ಅದೊಂದು ಕಡತವನ್ನು ತಿದ್ದಿದ್ದೇ ಸಾಕಾಯಿತು.

ಇದಕ್ಕೆ ಮದ್ದು ಆಗಲೇ ಇತ್ತು, ಬಳಸಿದವರು ಕಡಿಮೆ. ಸಬ್‌ರಿಸೋರ್ಸ್ ಇಂಟೆಗ್ರಿಟಿ ಎಂಬ ಈ ವ್ಯವಸ್ಥೆ 2015ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗೆ ಬಂದು, 2016ರಲ್ಲಿ ವೆಬ್‌ನ ಅಧಿಕೃತ ಮಾನಕವಾಯಿತು. ಪುಟ ಬರೆಯುವವರು ಸ್ಕ್ರಿಪ್ಟಿನ ವಿಳಾಸದ ಪಕ್ಕದಲ್ಲೇ ಅದರ ಹ್ಯಾಶ್ ಬರೆದಿಡುತ್ತಾರೆ. ಹ್ಯಾಶ್ ಅಂದರೆ ಇಡೀ ಕಡತದಿಂದ ಲೆಕ್ಕ ಹಾಕಿ ತೆಗೆದ ಒಂದು ಚಿಕ್ಕ ಗುರುತು. ಶಾ-384 ಬಗೆಯದಾದರೆ 64 ಅಕ್ಷರಗಳ ಸಾಲು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಬ್ರೌಸರ್ ಕಡತವನ್ನು ತರಿಸಿ, ತಾನೇ ಲೆಕ್ಕ ಹಾಕಿ, ತಾಳೆಯಾಗದಿದ್ದರೆ ಅದನ್ನು ನಡೆಸುವುದೇ ಇಲ್ಲ.

ಇಂಟೆಗ್ರಿಟಿ ಎಂಬ ಮಾತು ಕನ್ನಡಕ್ಕೆ ಬರುವಾಗ ತೊಡಕು ಮಾಡುತ್ತದೆ. ಪ್ರಾಮಾಣಿಕತೆ ಎನ್ನುವುದುಂಟು, ಸಮಗ್ರತೆ ಎನ್ನುವುದುಂಟು. ಎರಡೂ ಇಲ್ಲಿ ಸರಿಯಾಗಿ ಕೂರುವುದಿಲ್ಲ. ಕಡತ ಒಳ್ಳೆಯದೋ ಕೆಟ್ಟದ್ದೋ ಹ್ಯಾಶ್‌ಗೆ ಗೊತ್ತಿಲ್ಲ. ಅಂದು ನೋಡಿ ಒಪ್ಪಿದ್ದೇ ಇಂದೂ ಬಂದಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. ಕನ್ನಡದ ‘ಕೋ’ ಅಕ್ಷರವನ್ನೇ ನೋಡಿ. ಯೂನಿಕೋಡ್‌ನಲ್ಲಿ ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿ ಪೋಣಿಸಿಯೂ ಬರೆಯಬಹುದು. ಎರಡೂ ಸಮಾನ ಎಂದು ಮಾನಕವೇ ಹೇಳುತ್ತದೆ, ಪರದೆಯ ಮೇಲೆ ಕಣ್ಣಿಗೂ ಒಂದೇ. ಹ್ಯಾಶ್‌ಗೆ ಮಾತ್ರ ಬೇರೆ ಬೇರೆ. ಪಾಠಾಂತರಗಳನ್ನು ಮುಂದಿಟ್ಟುಕೊಂಡು ಅರ್ಥ ತೂಗುವ ಗ್ರಂಥಸಂಪಾದಕರ ಕೆಲಸ ಅದರದ್ದಲ್ಲ. ಆ ಮೊದ್ದುತನವೇ ಅದರ ಬಲ. ಅರ್ಥ ನೋಡಿ ಒಳಬಿಡುವವನನ್ನು ಮಾತಿನಲ್ಲಿ ಮರುಳು ಮಾಡಬಹುದು, ಬೈಟ್ ಎಣಿಸುವವನನ್ನು ಆಗದು.

ಅಷ್ಟರಲ್ಲಿ ಜಾವಾಸ್ಕ್ರಿಪ್ಟ್ ಬರೆಯುವ ರೀತಿಯೇ ಬದಲಾಯಿತು. 2015ರ ಭಾಷಾ ಮಾನಕದಲ್ಲಿ ಮಾಡ್ಯೂಲ್‌ಗಳು ಬಂದವು, 2017ರಿಂದ ಬ್ರೌಸರುಗಳು ಅವನ್ನು ನೇರವಾಗಿ ನಡೆಸತೊಡಗಿದವು. ಪುಟ ಒಂದು ಮಾಡ್ಯೂಲನ್ನು ಕರೆಯುತ್ತದೆ, ಅದು ಇಂಪೋರ್ಟ್ ಎಂದು ಬರೆದು ಇನ್ನೆರಡನ್ನು ಕರೆಯುತ್ತದೆ, ಅವು ಇನ್ನೈದನ್ನು. ಹಳೆಯ ಇಂಟೆಗ್ರಿಟಿ ಗುರುತು ಕೆಲಸ ಮಾಡುತ್ತಿದ್ದುದು ಮೊದಲನೆಯದಕ್ಕೆ ಮಾತ್ರ. ಮುಂಬೈ, ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಇರುವವರಿಗೆ ಈ ಚಿತ್ರ ಹೊಸದಲ್ಲ. ಗೇಟಿನ ವಾಚ್‌ಮನ್ ಗಾಡಿಯ ಡ್ರೈವರನ ಹೆಸರು, ಫೋನ್ ನಂಬರ್ ಬರೆದುಕೊಂಡು, ಮನೆಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಒಳಬಿಡುತ್ತಾನೆ. ಹಿಂದಿನ ಸೀಟಿನಲ್ಲಿ ಕೂತ ನಾಲ್ವರು ಯಾರು ಅಂತ ಕೇಳುವುದಿಲ್ಲ.

ಹಾಗಿದ್ದರೆ ಪ್ರತಿ ಇಂಪೋರ್ಟಿನ ಸಾಲಿನಲ್ಲೇ ಹ್ಯಾಶ್ ಬರೆದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅನ್ನಿಸಿದಷ್ಟು ಸುಲಭವಲ್ಲ. ‘ಅ’ ಎಂಬ ಮಾಡ್ಯೂಲಿನ ಒಳಗೆ ‘ಆ’ಯ ಹ್ಯಾಶ್ ಬರೆದಿದೆ ಅಂದುಕೊಳ್ಳಿ. ‘ಆ’ಯಲ್ಲಿ ಒಂದಕ್ಷರ ತಿದ್ದಿದರೆ ಅದರ ಹ್ಯಾಶ್ ಬದಲಾಗುತ್ತದೆ, ಆಗ ‘ಅ’ದೊಳಗಿನ ಸಾಲನ್ನೂ ತಿದ್ದಬೇಕು, ತಿದ್ದಿದ ಮೇಲೆ ‘ಅ’ದ ಹ್ಯಾಶೂ ಬದಲು, ಅದನ್ನು ಕರೆಯುವುದರದ್ದೂ ಬದಲು. ಬುಡದ ಒಂದು ಸಣ್ಣ ತಿದ್ದುಪಡಿಗೆ ಮೇಲಿನವರೆಗಿನ ಕಡತಗಳೆಲ್ಲ ಹೊಸದಾಗಿ ಇಳಿಯಬೇಕು. ಇದಾದರೂ ಬರೀ ಖರ್ಚಿನ ಮಾತು. ಇನ್ನೊಂದು ತೊಡಕಿಗೆ ಪರಿಹಾರವೇ ಇಲ್ಲ: ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ಗಳು ಪರಸ್ಪರ ಕರೆದುಕೊಳ್ಳಬಹುದು. ‘ಅ’ದೊಳಗೆ ‘ಆ’ಯ ಹ್ಯಾಶ್ ಬರೆಯಲು ‘ಆ’ ಮೊದಲು ಸಿದ್ಧವಿರಬೇಕು; ‘ಆ’ಯೊಳಗೆ ‘ಅ’ದ ಹ್ಯಾಶ್ ಬರೆಯಲು ‘ಅ’ ಮೊದಲು ಸಿದ್ಧವಿರಬೇಕು. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿ.

ಕೊನೆಗೆ ಸಿಕ್ಕ ದಾರಿ ಸರಿಯಾದದ್ದು. ಹ್ಯಾಶ್‌ಗಳನ್ನು ಕಡತಗಳ ಒಳಗಿಂದ ಹೊರತೆಗೆದು, ಪುಟದಲ್ಲೇ ಒಂದು ಪಟ್ಟಿಯಾಗಿ ಇಡುವುದು. ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳುವ ಇಂಪೋರ್ಟ್ ಮ್ಯಾಪ್ ಬ್ರೌಸರುಗಳಲ್ಲಿ ಆಗಲೇ ಇತ್ತು. ಅದಕ್ಕೇ ಇಂಟೆಗ್ರಿಟಿ ಎಂಬ ಇನ್ನೊಂದು ವಿಭಾಗ ಸೇರಿಸಿದರು. ವಿಳಾಸ ಎಡಕ್ಕೆ, ಹ್ಯಾಶ್ ಬಲಕ್ಕೆ. ಒಂದು ಮಾಡ್ಯೂಲ್ ಬದಲಾದರೆ ಪಟ್ಟಿಯ ಒಂದು ಸಾಲು ಬದಲಾಗುತ್ತದೆ, ಉಳಿದ ಕಡತಗಳು ಇದ್ದಲ್ಲೇ ಇರುತ್ತವೆ. 2024ರಲ್ಲಿ ಕ್ರೋಮ್ ಮತ್ತು ಸಫಾರಿಗೆ, 2025ರಲ್ಲಿ ಫೈರ್‌ಫಾಕ್ಸ್‌ಗೆ ಇದು ಬಂತು. ಬ್ರೌಸರ್ ಎಂಜಿನ್ನಿನ ಒಳಗೆ ಇದು ಚೆನ್ನಾಗಿ ಹೊಂದಿಕೊಳ್ಳುತ್ತದೆ ಕೂಡ. ನೇರ ಇಂಪೋರ್ಟುಗಳ ಇಡೀ ಸರಪಳಿ ಇಳಿದು, ಒಂದಕ್ಕೊಂದು ಜೋಡಣೆಯಾಗುವವರೆಗೆ ಎಂಜಿನ್ ಅದರಲ್ಲಿ ಒಂದನ್ನೂ ನಡೆಸುವುದಿಲ್ಲ. ಹಾಗಾಗಿ ಆಳದ ಒಂದು ಕೊಂಡಿ ತಾಳೆಯಾಗದಿದ್ದರೂ ಅರ್ಧ ನಡೆದು ಅರ್ಧ ನಿಂತ ಸ್ಥಿತಿ ಬರುವುದಿಲ್ಲ; ಆ ಸರಪಳಿ ಶುರುವಾಗುವುದೇ ಇಲ್ಲ.

ಆದರೆ 2017ರಿಂದ 2024, ಏಳು ವರ್ಷ. ವೆಬ್‌ನ ಹಳೆಯ ಬಾಗಿಲಿಗೆ ಬೀಗ ಕೊಟ್ಟು, ಹೊಸ ಬಾಗಿಲನ್ನು ಅಷ್ಟು ಕಾಲ ತೆರೆದಿಟ್ಟದ್ದಕ್ಕೆ ತಾಂತ್ರಿಕ ತೊಡಕೊಂದೇ ಕಾರಣ ಅನ್ನಿಸುವುದಿಲ್ಲ. ದೊಡ್ಡ ಕಂಪನಿಗಳಿಗೆ ಇದು ಅಷ್ಟಾಗಿ ಕಾಡಲಿಲ್ಲ. ಅವರು ನೂರಾರು ಮಾಡ್ಯೂಲುಗಳನ್ನು ಮೊದಲೇ ಬಂಡಲ್ ಮಾಡಿ ತಮ್ಮದೇ ಸರ್ವರಿನಿಂದ ಕಳಿಸುತ್ತಾರೆ. ಅಂಥ ಏರ್ಪಾಡಿಲ್ಲದೆ, ಸಾರ್ವಜನಿಕ ಸಿಡಿಎನ್‌ನಿಂದ ನೇರ ಇಂಪೋರ್ಟ್ ಮಾಡಿಕೊಳ್ಳುವ ಸಣ್ಣ ಸಂಸ್ಥೆ, ಶಾಲೆ, ಒಬ್ಬರೇ ನಡೆಸುವ ಸೈಟು, ಇವರೇ ಬಯಲಿನಲ್ಲಿ ನಿಂತವರು. ಮಾಡ್ಯೂಲ್‌ಗಳು ಸುಲಭ, ಬಂಡಲ್ ಬೇಕಿಲ್ಲ ಎಂದು ಅವರಿಗೆ ಹೇಳಿಕೊಟ್ಟದ್ದು ಇದೇ ಲೋಕ. ಹೊಸ ಸೌಲಭ್ಯ ಕೊಡುವಾಗ ಹಳೆಯದರ ಜೊತೆ ಇದ್ದ ರಕ್ಷಣೆಯನ್ನೂ ಅಂದೇ ಕೊಡಬೇಕಿತ್ತು.

ತಾಳೆಯಾಗದಿದ್ದರೆ ಪುಟವೇ ಕೆಡುತ್ತದಲ್ಲ, ಕೊನೆಯ ದಿನ ರಾತ್ರಿ ಪರೀಕ್ಷಾ ಶುಲ್ಕ ಕಟ್ಟುತ್ತಿರುವ ಹುಡುಗಿಯ ಗತಿ ಏನು ಎಂಬ ಆಕ್ಷೇಪವಿದೆ. ಹುಸಿ ಆಕ್ಷೇಪವಲ್ಲ. ಸಿಡಿಎನ್ ನಡೆಸುವವರು ಕಡತದ ಕೊನೆಗೆ ಒಂದು ಖಾಲಿ ಸಾಲು ಸೇರಿಸಿದರೂ ಪುಟ ನಿಲ್ಲಬಹುದು. ಆದರೂ ಎರಡನ್ನೂ ತೂಗಿದರೆ ಉತ್ತರ ಕಷ್ಟವಿಲ್ಲ. ನಿಂತ ಪುಟ ಎಲ್ಲರಿಗೂ ಕಾಣುತ್ತದೆ, ಯಾರೋ ದೂರು ಕೊಡುತ್ತಾರೆ, ಒಂದೆರಡು ಗಂಟೆಯಲ್ಲಿ ಸರಿಯಾಗುತ್ತದೆ. ಕಾರ್ಡ್ ನಂಬರ್ ಕದಿಯುವ ಪುಟ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಅದೇ 2018ರಲ್ಲಿ ಬ್ರಿಟಿಷ್ ಏರ್‌ವೇಸ್ ಸೈಟಿನ ಒಂದು ಸ್ಕ್ರಿಪ್ಟಿಗೆ ಬರೀ 22 ಸಾಲು ಸೇರಿಸಿ ಗ್ರಾಹಕರ ಕಾರ್ಡ್ ವಿವರ ಕದ್ದಾಗ ಯಾವ ಪುಟವೂ ಕೆಟ್ಟಿರಲಿಲ್ಲ. ಟಿಕೆಟ್ ಕೂಡ ಬುಕ್ ಆಗುತ್ತಿತ್ತು.

ಹ್ಯಾಶ್ ಎಲ್ಲಕ್ಕೂ ಮದ್ದಲ್ಲ. ಪಾಲಿಫಿಲ್.ಐಒ ಪ್ರಕರಣ ಇದಕ್ಕೆ ಸಾಕ್ಷಿ. ಹಳೆಯ ಬ್ರೌಸರುಗಳಿಗೆ ಹೊಸ ಸೌಲಭ್ಯ ತುಂಬಿಕೊಡುವ ಆ ಸೇವೆಯ ಡೊಮೇನ್ 2024ರ ಫೆಬ್ರವರಿಯಲ್ಲಿ ಕೈ ಬದಲಾಯಿತು. ಅದನ್ನು ಮೊದಲು ಕಟ್ಟಿದ ಆ್ಯಂಡ್ರೂ ಬೆಟ್ಸ್ ಆಗಲೇ, ಕೂಡಲೇ ತೆಗೆದುಹಾಕಿ ಎಂದು ಸೈಟುಗಳಿಗೆ ಎಚ್ಚರಿಸಿದ್ದರು. ಜೂನ್ ಹೊತ್ತಿಗೆ ಅದನ್ನು ಬಳಸುತ್ತಿದ್ದ ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ದುಷ್ಟ ಕೋಡ್ ಹೋಗುವ ದಾರಿ ತೆರೆದಿತ್ತು. ಇಲ್ಲಿ ಹ್ಯಾಶ್ ಬರೆಯಲು ಬರುತ್ತಲೇ ಇರಲಿಲ್ಲ, ಏಕೆಂದರೆ ಕೇಳುವ ಬ್ರೌಸರ್ ಯಾವುದೆಂದು ನೋಡಿ ಬೇರೆ ಬೇರೆ ಕಡತ ಕೊಡುವುದೇ ಆ ಸೇವೆಯ ಕೆಲಸ. ಹ್ಯಾಶ್ ಬರೆಯಲು ಬಾರದ ಕೋಡನ್ನು ಹಣ ಕಟ್ಟುವ ಪುಟಕ್ಕೆ ಸೇರಿಸಲೇಬಾರದು ಎಂಬ ನಿಯಮ ಬ್ಯಾಂಕುಗಳಿಗೂ ಸರ್ಕಾರಿ ಸೈಟುಗಳಿಗೂ ಬೇಕು. ಬ್ರೌಸರ್ ಅಷ್ಟನ್ನು ತಾನಾಗಿ ಹೇರಲಾರದು.

ಬ್ರೌಸರಿನ ಕೈಯಲ್ಲಿರುವುದೂ ಇನ್ನೂ ಮುಗಿದಿಲ್ಲ. ಇಂಪೋರ್ಟ್ ಮ್ಯಾಪಿನ ಪಟ್ಟಿಯಲ್ಲಿ ಹೆಸರಿಲ್ಲದ ಮಾಡ್ಯೂಲನ್ನು ಎಂಜಿನ್ ತಡೆಯುವುದಿಲ್ಲ, ತಪಾಸಣೆ ಇಲ್ಲದೆ ಸುಮ್ಮನೆ ಒಳಬಿಡುತ್ತದೆ. ಪಟ್ಟಿಗೆ ಸೇರಿಸಲು ಮರೆತದ್ದು ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆಂದೇ 2025ರಲ್ಲಿ ಕ್ರೋಮ್‌ಗೆ ಇಂಟೆಗ್ರಿಟಿ-ಪಾಲಿಸಿ ಎಂಬ ಹೆಡರ್ ಬಂದಿದೆ. ಹ್ಯಾಶ್ ಇಲ್ಲದ ಸ್ಕ್ರಿಪ್ಟ್ ಬೇಡ ಎಂದು ಸೈಟು ಮೊದಲೇ ಹೇಳಬಹುದು, ಅಥವಾ ತಡೆಯದೆ ಬರೀ ವರದಿ ಮಾಡು ಎನ್ನಬಹುದು. ಪುಟ ಕೆಡುವ ಭಯವಿರುವವರು ಈ ವರದಿಯಿಂದಲೇ ಶುರು ಮಾಡಲಿ. ವರ್ಕರ್‌ಗಳ ಮಾತು ಬೇರೆ. ಪುಟದ ಹಿನ್ನೆಲೆಯಲ್ಲಿ ಪ್ರತ್ಯೇಕವಾಗಿ ನಡೆಯುವ ಈ ಸ್ಕ್ರಿಪ್ಟುಗಳೂ ಮಾಡ್ಯೂಲುಗಳನ್ನು ಇಂಪೋರ್ಟ್ ಮಾಡಿಕೊಳ್ಳುತ್ತವೆ, ಆದರೆ ಪುಟದ ಇಂಪೋರ್ಟ್ ಮ್ಯಾಪ್ ಅವುಗಳಿಗೆ ಅನ್ವಯಿಸುವುದಿಲ್ಲ. ಆ ಗೇಟಿನಲ್ಲಿ ಈಗಲೂ ಹಿಂದಿನ ಸೀಟು ನೋಡುವವರಿಲ್ಲ.