ಸಹಿ ಬೇರೆ, ಸಮ್ಮತಿ ಬೇರೆ



ನಿಪ್ಪಾಣಿಯ ಬಂಧುಗಳೊಬ್ಬರ ಮನೆಯಲ್ಲಿ ಕಳೆದ ತಿಂಗಳು ದತ್ತಕದ ಮಾತುಕತೆ ನಡೆಯಿತು. ಹಿರಿಯನೆಂದು ನನ್ನನ್ನೂ ಕರೆದಿದ್ದರು. ಅಲ್ಲಿ ಕುಳಿತಾಗ ನನ್ನ ಸ್ಮರಣೆಗೆ ಬಂದುದು 1998ರಲ್ಲಿ ಬೆಳಗಾವಿಯ ಚಿತ್ರಮಂದಿರವೊಂದರಲ್ಲಿ ಮನೆಮಂದಿಯೊಡನೆ ನೋಡಿದ ‘ತಾಯಿ ಸಾಹೇಬ’. ರಂ. ಶಾ. ಲೋಕಾಪುರ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರವು 1997ನೆಯ ಸಾಲಿನ ರಾಷ್ಟ್ರೀಯ ಸ್ವರ್ಣಕಮಲವನ್ನು ಪಡೆಯಿತು. ನಾಯಕಿ ನರ್ಮದಾತಾಯಿಯ ಪಾತ್ರ ಜಯಮಾಲಾ ಅವರದು.

ಸ್ವಾತಂತ್ರ್ಯದ ಹಿಂದುಮುಂದಿನ ಕಾಲದ ಜಮೀನುದಾರ ಮನೆತನದ ಕಥೆಯಿದು. ಯಜಮಾನರಾದ ಅಪ್ಪಾಸಾಹೇಬರು ಸ್ವಾತಂತ್ರ್ಯ ಹೋರಾಟಗಾರರು. ಪತ್ನಿಗೆ ಮಕ್ಕಳಿಲ್ಲ, ಮನೆಗೆ ದತ್ತಕಪುತ್ರ ಬರುತ್ತಾನೆ. ಯಜಮಾನರಿಗೆ ಇನ್ನೊಬ್ಬ ಸ್ತ್ರೀಯಲ್ಲಿ ಜನಿಸಿದ ಮಗಳನ್ನು ಅವನು ಪ್ರೀತಿಸುತ್ತಾನೆ. ದತ್ತಕದ ದೆಸೆಯಿಂದ ಅವರಿಬ್ಬರೂ ಅಣ್ಣ-ತಂಗಿಯರೆನಿಸುತ್ತಾರೆ. ದೇಶದ ಬಿಡುಗಡೆಗಾಗಿ ದುಡಿದವರ ಮನೆಯಲ್ಲಿ ಸತಿಗೆ ಎಷ್ಟು ಬಿಡುಗಡೆಯಿತ್ತು? ಬಹುಕಾಲ ಮೌನವಾಗಿದ್ದ ಆ ತಾಯಿ ಕೊನೆಗೆ ಮಕ್ಕಳ ಪಕ್ಷ ವಹಿಸುತ್ತಾಳೆ.

ಆ ರಾತ್ರಿ ಚಿಕ್ಕೋಡಿಯ ಕೊನೆಯ ಬಸ್ಸಿನಲ್ಲಿ ಅತ್ತಿಗೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಸಂಕೇಶ್ವರ ದಾಟಿದ ಮೇಲೆ ಮೆಲ್ಲನೆ ಅಂದರು: “ತಮ್ಮಾ, ಅವತ್ತ ಸಹಿ ಮಾಡು ಅಂದ್ರಿ, ಮಾಡಿದೆ. ಕೂಸು ಬೇಕೇನು ಅಂತ ನನ್ನ ಯಾರೂ ಕೇಳಲಿಲ್ಲ.”

ನಾನು ನಿರುತ್ತರನಾದೆ. 1985ರಲ್ಲಿ ಅಣ್ಣನವರಿಗೆ ದತ್ತಕವಾಗಿ ಕೊಟ್ಟವನು ನನ್ನದೇ ಎರಡನೆಯ ಮಗ. ಲೇಖನಿಯನ್ನು ಅತ್ತಿಗೆಯವರ ಕೈಗಿತ್ತವನೂ ನಾನೇ. ಹೊಲ ಮನೆಯಲ್ಲಿಯೇ ಉಳಿಯಬೇಕೆಂಬ ಆಸೆ ನನಗಿತ್ತು. ಹೆತ್ತವಳಾದ ನನ್ನ ಪತ್ನಿಯನ್ನೂ ಮನಸ್ಸಿಟ್ಟು ಕೇಳಿರಲಿಲ್ಲ. ಅತ್ತಿಗೆಯವರು ಹುಡುಗನನ್ನು ಪ್ರೀತಿಯಿಂದಲೇ ಸಾಕಿದರು; ಅದು ಅವರ ದೊಡ್ಡತನವೇ ಹೊರತು ನಮ್ಮ ನ್ಯಾಯವಲ್ಲ.

1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಅನ್ವಯಿಸುತ್ತದೆ. ಪತಿಯು ದತ್ತಕ ತೆಗೆದುಕೊಳ್ಳಲು ಪತ್ನಿಯ ಸಮ್ಮತಿ ಬೇಕು. ಮಗುವನ್ನು ಕೊಡಲು ಹೆತ್ತ ತಾಯಿಯ ಸಮ್ಮತಿಯೂ ಬೇಕು. 2010ರ ತಿದ್ದುಪಡಿಯ ನಂತರ ಪತಿಯ ಸಮ್ಮತಿಯೊಡನೆ ಪತ್ನಿಯೂ ದತ್ತಕ ತೆಗೆದುಕೊಳ್ಳಬಹುದು. ವಿಧಿವತ್ತಾಗಿ ನಡೆದ ದತ್ತಕವನ್ನು ಮುಂದೆ ರದ್ದುಪಡಿಸಲು ಬರುವುದಿಲ್ಲ. ಆದ್ದರಿಂದಲೇ ಮೊದಲು ಕೇಳಬೇಕು.

1824ರಲ್ಲಿ ಕಿತ್ತೂರಿನ ದತ್ತಕವನ್ನು ಆಂಗ್ಲರು ಮಾನ್ಯ ಮಾಡದಿದ್ದಾಗ ರಾಣಿ ಚೆನ್ನಮ್ಮ ಖಡ್ಗ ಹಿಡಿದಳು. ಆ ತಾಯಿಯ ಮೂರ್ತಿಗೆ ಮಾಲೆ ಹಾಕುವ ನಾವು ಮನೆಯೊಳಗಿನ ತಾಯಿಯ ಮಾತಿಗೆ ಕಿವಿಗೊಡಬೇಡವೇ?

ನಿಪ್ಪಾಣಿಯಲ್ಲಿ ಕಾಗದ ಸಿದ್ಧವಾಗಿತ್ತು. “ಮೊದಲು ಸೊಸೆಯನ್ನು ಕರೆಯಿರಿ” ಎಂದೆ. ಅವಳು ಬಂದು ಕುಳಿತಳು. “ಅಜ್ಜಾರ, ನನಗ ಆರು ತಿಂಗಳ ವಿಚಾರ ಮಾಡಾಕ ಬಿಡ್ರಿ” ಎಂದಳು. ಹಿರಿಯರು ಮುಖ ಮುಖ ನೋಡಿಕೊಂಡರು. ಕಾಗದವನ್ನು ಮಡಿಸಿ ಕಪಾಟಿನಲ್ಲಿ ಇಡಲಾಯಿತು.

ಊರಿಗೆ ಮರಳಿ ಅತ್ತಿಗೆಯವರಿಗೆ ಈ ಸಂಗತಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.