ಒರಟು ಮಾತು, ಖಡಕ್ ರೊಟ್ಟಿ

ಪುಣೆಯ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ದೂರು ಆಗಾಗ ಕೇಳಿಬರುತ್ತದೆ: "ಅಜ್ಜಿ ಭಾಳ ರೂಡ್ ಆಗಿ ಮಾತಾಡ್ತಾಳ." ವಿಜಯಪುರದಿಂದಲೋ ಗದಗದಿಂದಲೋ ಬಂದ ಅಜ್ಜಿ ಮೊಮ್ಮಗನನ್ನು "ಬಾರಲೇ, ಉಣ್ಣು ಬಾ" ಎಂದು ಕರೆದಿರುತ್ತಾಳೆ, ಅಷ್ಟೆ. ಇಂಗ್ಲಿಷ್ ಶಾಲೆಯಲ್ಲಿ ಪಳಗಿದ ಕಿವಿಗೆ ಅಲ್ಲಿ 'ಪ್ಲೀಸ್' ಕೇಳಿಸುವುದಿಲ್ಲ. ತಂದೆತಾಯಿಗಳು ನಕ್ಕು, "ನಮ್ಮ ಕಡೆಯ ಭಾಷೆಯೇ ಸ್ವಲ್ಪ ಒರಟು" ಎಂದು ಸಮಜಾಯಿಷಿ ಕೊಡುತ್ತಾರೆ. ಆ ಸಮಜಾಯಿಷಿಯನ್ನು ನಾವು ಒಪ್ಪಲಾರೆವು.

'ರೂಡ್' ಎಂಬ ಪದದ ಹುಟ್ಟನ್ನೇ ನೋಡಬಹುದು. ಲ್ಯಾಟಿನ್ನಿನ 'ರುಡಿಸ್' ಎಂದರೆ ಹದಗೊಳಿಸದ, ಕೆತ್ತಿ ತಿದ್ದದ ವಸ್ತು. ಆ ಒರಟನ್ನು ಕಳೆದುಕೊಂಡವನು 'ಎರುಡೈಟ್', ಅಂದರೆ ವಿದ್ವಾಂಸ. 'ಪೊಲೈಟ್' ಎಂದರೆ ಮೂಲತಃ ಉಜ್ಜಿ ಹೊಳಪಿಸಿದ್ದು. 'ಗ್ರಫ್' ಡಚ್ಚರ ದೊರಗು ವಸ್ತುವಿನಿಂದ ಬಂದದ್ದು. 'ಬೂರ್' ಎಂದರಂತೂ ಮೊದಲಿಗೆ ಬರಿಯ ರೈತ. ಅವನೇ ಬರಬರುತ್ತ ನಡತೆಗೆಟ್ಟವನಾದ. ಅಂಗೈ ದೊರಗಾದವನ ಮಾತೂ ದೊರಗು ಎಂಬ ಪಟ್ಟಣಿಗರ ತೀರ್ಪು ಈ ಪದಗಳೊಳಗೆ ಕುಳಿತಿದೆ. ನಾವೇನೂ ಇದರಿಂದ ಹೊರತಲ್ಲ. 'ಗ್ರಾಮ್ಯ'ವನ್ನು ಕಾವ್ಯದೋಷವೆಂದ ಪರಂಪರೆ ನಮ್ಮದು. 'ಹಳ್ಳಿಗಮಾರ' ಎಂಬ ಬೈಗುಳವೂ ನಮ್ಮದೇ.

ಆದರೆ ಕನ್ನಡದ ಒಳಗೇ ಇನ್ನೊಂದು ತೀರ್ಪೂ ಇದೆ. ಇಂಗ್ಲಿಷಿನಂತೆಯೇ ಕನ್ನಡಕ್ಕೂ ಮುಟ್ಟಿದ್ದು ಮತ್ತು ಆಡಿದ್ದು ಒಂದೇ ಪದದಲ್ಲಿ ಸಿಗುತ್ತವೆ: ಒರಟು ಬಟ್ಟೆ, ಒರಟು ಮಾತು, ನಯವಾದ ರೇಷ್ಮೆ, ನಯವಾದ ನಡೆ. ಆದರೂ 'ನಯವಂಚಕ' ಎಂಬ ಪದವನ್ನು ಕಟ್ಟಿಕೊಂಡ ಭಾಷೆಗೆ ನುಣುಪಿನ ಮೇಲೆ ಪೂರ್ತಿ ನಂಬಿಕೆಯಿಲ್ಲ. 'ಒರಟುವಂಚಕ'ನನ್ನು ನಾವು ಯಾರೂ ಕೇಳಿಲ್ಲ. 'ನಿಷ್ಠುರ' ಸಂಸ್ಕೃತದಲ್ಲಿ ಕಠಿಣವೆಂಬ ಅರ್ಥದ್ದು; ನಮ್ಮಲ್ಲಿ 'ನ್ಯಾಯನಿಷ್ಠುರಿ' ಎಂದರೆ ಗೌರವ. ಇನ್ನು 'ಖಡಕ್' ಇದೆಯಲ್ಲ, ಅದರ ಸೊಗಸೇ ಬೇರೆ. ತಿಂಗಳುಗಟ್ಟಲೆ ಕೆಡದ ಜೋಳದ ರೊಟ್ಟಿ ಖಡಕ್, ಲಂಚ ಮುಟ್ಟದ ಅಧಿಕಾರಿ ಖಡಕ್, ಮುಲಾಜಿಲ್ಲದ ಮಾತೂ ಖಡಕ್. ಮರಾಠಿಯ 'ಕಡಕ್' ಇದರದೇ ಒಡಹುಟ್ಟು. ಇಲ್ಲಿ ಚಹಾಕ್ಕೂ ಅದೇ ಹೊಗಳಿಕೆ.

ಇದನ್ನು ಹೇಳಲು ಪುಣೆಗಿಂತ ತಕ್ಕ ಊರಿಲ್ಲ. ಸದಾಶಿವ ಪೇಠ, ನಾರಾಯಣ ಪೇಠಗಳ 'ಪುಣೇರಿ ಪಾಟಿ'ಗಳು ಮಹಾರಾಷ್ಟ್ರಕ್ಕೆಲ್ಲ ಪ್ರಸಿದ್ಧ. ಮಧ್ಯಾಹ್ನ 1ರಿಂದ 4ರವರೆಗೆ ಕರೆಗಂಟೆ ಒತ್ತಬಾರದು, ವಿಳಾಸ ಕೇಳಬಾರದು, ಗೇಟಿನ ಮುಂದೆ ವಾಹನ ನಿಲ್ಲಿಸಬಾರದು ಎಂದು ಆ ಫಲಕಗಳು ಚುಚ್ಚಿ ಹೇಳುತ್ತವೆ. ವ್ಯಾಕರಣ ಎಷ್ಟೋ ವೇಳೆ ಪೂರ್ಣ ಗೌರವದ್ದು, ಕುಟುಕು ಅರ್ಥದಲ್ಲಿರುತ್ತದೆ. ಮರಾಠಿಗರು ಇದನ್ನು 'ಖವಚಟ್' ಎನ್ನುತ್ತಾರೆ, ಒಳಗೊಳಗೇ ಹೆಮ್ಮೆಯಿಂದ. 'ರೂಡ್' ಎಂದು ಭಾಷಾಂತರಿಸಿದರೆ ಅದರ ಹಾಸ್ಯವೇ ಸತ್ತುಹೋಗುತ್ತದೆ.

ನಮ್ಮ ಅಜ್ಜಿಯ ವ್ಯಾಕರಣ ಬೇರೆ ಬಗೆಯದು. ಇಂಗ್ಲಿಷಿನಲ್ಲಿ 'ದೌ' ಬಳಕೆ ತಪ್ಪಿ ಎಲ್ಲರಿಗೂ 'ಯೂ' ಒಂದೇ ಆಗಿದೆ. ವಿನಯವನ್ನು ಬಿಡಿಪದಗಳಲ್ಲಿ ತಂದು ಸೇರಿಸಬೇಕು. ಕನ್ನಡದ ವಿನಯ ಕ್ರಿಯಾಪದದಲ್ಲೇ ಇದೆ. ಮನೆಗೆ ಬಂದ ಅಪರಿಚಿತನಿಗೆ ಅಜ್ಜಿ "ಬರ್ರಿ, ಕೂಡ್ರಿ" ಎನ್ನುತ್ತಾಳೆ. ಆ 'ರಿ'ಯೇ ಪ್ಲೀಸ್. ಮೊಮ್ಮಗನಿಗೆ ಅದನ್ನೇ ಹೇಳಿದರೆ ಅವನು ಪರಕೀಯನಾದಂತೆ. "ಯವ್ವಾ, ನೀ ಉಂಡಿ?" ಎಂದು ಕೇಳುವ ಮಗನಿಗೆ ತಾಯಿಯ ಮೇಲೆ ಗೌರವವಿಲ್ಲವೆಂದು ಯಾರಾದರೂ ಹೇಳಿಯಾರೇ?

ಅದೇ 'ಲೇ'ಯನ್ನು ಕಾವಲುಗಾರನ ಮೇಲೆ ಎಸೆದರೆ ಮಾತು ಬೇರೆ. ಅದು ಒರಟಲ್ಲ, ಉದ್ಧಟತನ. ಮಕ್ಕಳು 'ರೂಡ್'ಗೆ ಕನ್ನಡ ಕೇಳಿದಾಗ ಕೊಡಬೇಕಾದ ಪದ ಇದು. ಇದಕ್ಕೆ ಉದಾಹರಣೆ ಹುಡುಕಲು ಗದಗದವರೆಗೆ ಹೋಗಬೇಕಾಗಿಯೂ ಇಲ್ಲ. ಮಹಾನಗರಗಳ ಕೆಲವು ವಸತಿ ಸಂಕೀರ್ಣಗಳಲ್ಲಿ, ಮನೆಗೆಲಸದವರು ಈ ಲಿಫ್ಟ್ ಬಳಸಬಾರದೆಂಬ ಸೂಚನೆ ಅಂಟಿಸಿರುತ್ತಾರೆ. ಅದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, 'ಕೈಂಡ್ಲಿ' ಎಂಬ ಪದದಿಂದ ಆರಂಭವಾಗುತ್ತದೆ.